ಸೋರದ ನಲ್ಲಿ: ಮನೆಯ ಬಿಯರ್ ಪಾತ್ರೆಗೆ ತೂತು ಕೊರೆದು ನಲ್ಲಿ ಕೂರಿಸುವ ಕ್ರಮ

ನನ್ನ ಮೊದಲ ಪಾತ್ರೆಗೆ ನಲ್ಲಿ ಇರಲಿಲ್ಲ. ಇಪ್ಪತ್ತೈದು ಲೀಟರ್ ಬಿಸಿ ರಸವನ್ನು ಇಬ್ಬರು ಎರಡು ಹಿಡಿಕೆ ಹಿಡಿದು ಎತ್ತಿ, ಓರೆ ಮಾಡಿ, ಬಕೆಟ್ಟಿಗೆ ಸುರಿಯುತ್ತಿದ್ದೆವು. ಮೂರನೆಯ ಸಲ ಅರ್ಧ ಲೋಟದಷ್ಟು ನನ್ನ ಪಾದದ ಮೇಲೆ ಬಿತ್ತು. ಗಾಯ ಮಾಗಿದ ಮೇಲೆ ಡ್ರಿಲ್ ಹಿಡಿದು ಕುಳಿತೆ. ಕೂರಿಸಿದ ನಲ್ಲಿ ಸೋರಿತು. ಬಿಗಿ ಮಾಡಿದೆ, ಹೆಚ್ಚು ಸೋರಿತು. ಇನ್ನಷ್ಟು ಬಿಗಿ ಮಾಡಿದೆ, ರಬ್ಬರ್ ಉಂಗುರ ವಾಷರಿನ ಅಡಿಯಿಂದ ನಾಲಗೆ ಚಾಚಿಕೊಂಡು ಹೊರಗೆ ಬಂತು. ನೀರು ಯಾವ ದಾರಿಯಲ್ಲಿ ಹೊರಬರುತ್ತಿದೆ ಎಂದು ನೋಡದೆ ಸ್ಪ್ಯಾನರ್ ತಿರುಗಿಸುತ್ತಾ ಹೋದದ್ದೇ ತಪ್ಪು ಎಂದು ತಿಳಿಯುವಷ್ಟರಲ್ಲಿ ಇನ್ನೂ ಎರಡು ಪಾತ್ರೆಗಳಿಗೆ ತೂತು ಬಿದ್ದಿತ್ತು.

ನೀವಿರುವಲ್ಲಿ ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಅನುಮತಿ ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಮುಂದಿನದೆಲ್ಲ ಕಬ್ಬಿಣ, ರಬ್ಬರ್, ನೀರಿನ ವಿಷಯ.

ಪಾತ್ರೆ ಯಾವುದು, ನಲ್ಲಿ ಯಾವುದು

ಬಿಯರ್ ಮಾಡುವವರ ಬಳಿ ಸಾಮಾನ್ಯವಾಗಿ ಮೂರು ಪಾತ್ರೆಗಳಿರುತ್ತವೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಪುಡಿ ಮಾಡಿ ಬಿಸಿನೀರಿನಲ್ಲಿ ನೆನೆಸಿಡುವ ಮ್ಯಾಶ್ ಪಾತ್ರೆ, ಅದರಿಂದ ಬಂದ ಸಿಹಿ ರಸವನ್ನು ಕಹಿ ಕೊಡುವ ಹಾಪ್ಸ್ ಹೂ ಹಾಕಿ ಕುದಿಸುವ ಪಾತ್ರೆ, ತಣ್ಣಗಾದ ಮೇಲೆ ಯೀಸ್ಟ್ ಹಾಕಿ ಹುದುಗಿಸುವ ಬಕೆಟ್. ಆ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಮೂರಕ್ಕೂ ಒಂದೇ ಬಗೆಯ ನಲ್ಲಿ ತಂದರೆ ಒಂದಕ್ಕಾದರೂ ತಪ್ಪುತ್ತದೆ.

ಕುದಿಸುವ ಪಾತ್ರೆಗೆ ಅರ್ಧ ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವ್ ಸಾಕು. ಒಳಗೆ ತೂತಿರುವ ಗುಂಡು, ಹಿಡಿ ಕಾಲು ಸುತ್ತು ತಿರುಗಿದರೆ ಪೂರ್ತಿ ತೆರೆಯುತ್ತದೆ, ಮತ್ತೆ ಕಾಲು ಸುತ್ತಿಗೆ ಪೂರ್ತಿ ಮುಚ್ಚುತ್ತದೆ. ಗುಂಡಿನ ತೂತು ಪೈಪಿನಷ್ಟೇ ಅಗಲವಿರುವುದನ್ನು ಆರಿಸಿ. ಕಿರಿದಾದರೆ ಹಾಪ್ಸ್ ಚೂರುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಗುಂಡಿನ ಸುತ್ತ ಸಣ್ಣ ಸಂದು ಇರುತ್ತದೆ, ಅಲ್ಲಿ ರಸ ನಿಲ್ಲುತ್ತದೆ. ಕುದಿಸುವ ಪಾತ್ರೆಯಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ಕುದಿ ಮುಗಿಯಲು ಹತ್ತು ನಿಮಿಷ ಇರುವಾಗ ಒಂದು ಜಗ್ಗಿನಷ್ಟು ಕುದಿರಸವನ್ನು ನಲ್ಲಿಯಿಂದ ಹಿಡಿದು ಮತ್ತೆ ಪಾತ್ರೆಗೇ ಸುರಿದರೆ ಆ ಸಂದಿಗೂ ಬಿಸಿ ತಾಗುತ್ತದೆ. ಹುದುಗುವ ಬಕೆಟ್ಟಿನಲ್ಲಿ ಮಾತ್ರ ಕುದಿ ಎಂಬುದೇ ಇಲ್ಲ. ಸಂದಿಯಲ್ಲಿ ಉಳಿದ ಹಳೆಯ ರಸ ಮುಂದಿನ ಬಿಯರನ್ನು ಹುಳಿ ಮಾಡಬಲ್ಲದು. ಅದಕ್ಕೆ ಕೈಯಲ್ಲೇ ಬಿಚ್ಚಬಹುದಾದ ಆಹಾರ ದರ್ಜೆಯ ಪ್ಲಾಸ್ಟಿಕ್ ನಲ್ಲಿ ಒಳ್ಳೆಯದು. ಲೋಹದ್ದೇ ಬೇಕೆಂದರೆ ಬೋಲ್ಟ್ ಬಿಚ್ಚಿ ಮೂರು ಭಾಗ ಮಾಡಬಹುದಾದ ಬಾಲ್ ವಾಲ್ವ್ ತನ್ನಿ.

ಸತು ಲೇಪಿಸಿದ ಜಿ.ಐ. ಫಿಟ್ಟಿಂಗ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ವರ್ಟ್ ಆಮ್ಲೀಯ, ಅದರ ಪಿಎಚ್ 5ರ ಆಸುಪಾಸಿನಲ್ಲಿ ಇರುತ್ತದೆ, ಬಿಯರ್ ಆದ ಮೇಲೆ 4ರ ಹತ್ತಿರ ಇಳಿಯುತ್ತದೆ. ಸತು ಅದರಲ್ಲಿ ಕರಗುತ್ತದೆ. ಬಿಳಿ ಪಿವಿಸಿ ಪೈಪು ಬಿಸಿಗೆ ಮೆತ್ತಗಾಗುತ್ತದೆ, ತಣ್ಣೀರಿಗೆ ಬಿಡಿ. ಹಿತ್ತಾಳೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಆದರೆ ಸಾಮಾನ್ಯ ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಬೆರೆತಿರುತ್ತದೆ, ಕಡೆದ ಮೇಲ್ಮೈಗೆ ಅದು ಸವರಿಕೊಂಡಿರುತ್ತದೆ. ಎರಡು ಪಾಲು ಬಿಳಿ ವಿನೆಗರ್, ಒಂದು ಪಾಲು ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಐದರಿಂದ ಹತ್ತು ನಿಮಿಷ ಮುಳುಗಿಸಿಟ್ಟರೆ ಮೇಲಿನ ಸೀಸ ಹೋಗುತ್ತದೆ, ಮಂಕು ಹಿತ್ತಾಳೆ ಬೆಣ್ಣೆಯಂತಹ ಹಳದಿಗೆ ತಿರುಗುತ್ತದೆ. ದ್ರಾವಣ ಹಸಿರಾಗತೊಡಗಿದರೆ ತಾಮ್ರವೂ ಕರಗುತ್ತಿದೆ ಎಂದು ತಿಳಿದು ತೆಗೆದು ತೊಳೆಯಿರಿ. ಇಷ್ಟೆಲ್ಲ ಬೇಡವೆಂದರೆ ಸ್ಟೀಲ್ ಇದ್ದೇ ಇದೆ.

ಅರ್ಧ ಇಂಚು ಅರ್ಧ ಇಂಚಲ್ಲ

ಪೈಪಿನ ಅಳತೆ ಹೊಸಬರನ್ನು ಮೊದಲು ಕೆಡವುವ ಜಾಗ. ಪಾತ್ರೆಯ ಗೋಡೆ ದಾಟಿ ನಲ್ಲಿಗೆ ಸೇರುವ, ಹೊರಮೈಗೆ ಥ್ರೆಡ್ ಇರುವ ಚಿಕ್ಕ ಪೈಪಿನ ತುಂಡಿಗೆ ನಿಪ್ಪಲ್ ಎನ್ನುತ್ತಾರೆ. ಅರ್ಧ ಇಂಚಿನ ನಿಪ್ಪಲನ್ನು ಸ್ಕೇಲ್ ಇಟ್ಟು ಅಳೆದರೆ ಎಲ್ಲಿಯೂ ಅರ್ಧ ಇಂಚು, ಅಂದರೆ 12.7 ಮಿ.ಮೀ. ಸಿಗುವುದಿಲ್ಲ. ಅದರ ಥ್ರೆಡ್ಡಿನ ಹೊರ ವ್ಯಾಸ ಸುಮಾರು 21 ಮಿ.ಮೀ. ಹೆಸರಿನ ಅಳತೆ ನಂಬಿ ತೂತು ಕೊರೆದರೆ ನಿಪ್ಪಲ್ ಒಳಗೆ ಹೋಗುವುದೇ ಇಲ್ಲ.

ಇದಕ್ಕಿಂತ ಕಪಟವಾದದ್ದು ಥ್ರೆಡ್ಡಿನ ಜಾತಿ. ಬ್ರಿಟಿಷ್ ಮೂಲದ ಬಿಎಸ್‌ಪಿ, ಅಮೆರಿಕದ ಎನ್‌ಪಿಟಿ ಎಂದು ಎರಡು ಚಾಲ್ತಿಯಲ್ಲಿವೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಆದರೆ ಒಂದರ ಹಲ್ಲಿನ ಕೋನ 55 ಡಿಗ್ರಿ, ಇನ್ನೊಂದರದು 60. ಹಾಗಾಗಿ ಒಂದು ಇನ್ನೊಂದರೊಳಗೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಬಿಗಿಯಾಯಿತು ಎಂದು ನೀವು ಸಮಾಧಾನಪಟ್ಟರೆ ನೀರು ತನ್ನ ದಾರಿ ಹಿಡಿಯುತ್ತದೆ. ಎಲ್ಲ ತುಂಡುಗಳನ್ನೂ ಒಂದೇ ಜಾತಿಯಲ್ಲಿ ತನ್ನಿ. ಇನ್ನೊಂದು ಮಾತು: ಪಾತ್ರೆಯ ಗೋಡೆ ದಾಟುವ ನಿಪ್ಪಲಿನ ಥ್ರೆಡ್ ನೇರವಾಗಿರಬೇಕು. ತುದಿಯ ಕಡೆಗೆ ಸಣ್ಣಗಾಗುವ ಥ್ರೆಡ್ಡಿನ ಮೇಲೆ ಒಳಗಿನ ನಟ್ ಅರ್ಧ ದಾರಿಯಲ್ಲಿಯೇ ನಿಂತು, ಗೋಡೆಯನ್ನು ಮುಟ್ಟುವುದೇ ಇಲ್ಲ. ಅಂಗಡಿಯಲ್ಲಿಯೇ ನಟ್ ಹಾಕಿ, ಕೊನೆಯವರೆಗೂ ಬೆರಳಲ್ಲಿ ಓಡಿಸಿ ನೋಡಿ.

ಎಷ್ಟು ಎತ್ತರದಲ್ಲಿ

ನಲ್ಲಿ ಕೆಳಗಿದ್ದಷ್ಟೂ ಹೆಚ್ಚು ರಸ ಸಿಗುತ್ತದೆ. ಎಷ್ಟು ಎಂದರೆ, 36 ಸೆಂ.ಮೀ. ವ್ಯಾಸದ ಪಾತ್ರೆಯಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೆ ಸರಿಸುಮಾರು ಒಂದು ಲೀಟರ್. ನಲ್ಲಿಯ ತೂತಿನ ಕೆಳಗಂಚು ಮೂರು ಸೆಂ.ಮೀ. ಮೇಲಿದ್ದರೆ ಮೂರು ಲೀಟರ್ ಪಾತ್ರೆಯಲ್ಲೇ ಉಳಿಯುತ್ತದೆ.

ಹಾಗೆಂದು ತಳಕ್ಕೆ ಅಂಟಿಸಿ ಕೊರೆಯಲಾಗದು. ತಳ ಮತ್ತು ಗೋಡೆ ಸೇರುವಲ್ಲಿ ಪಾತ್ರೆ ಬಾಗಿರುತ್ತದೆ. ವಾಷರ್ ಆ ಬಾಗಿನ ಮೇಲೆ ಕುಳಿತರೆ ಯಾವ ರಬ್ಬರೂ ಅದನ್ನು ಮುಚ್ಚಲಾರದು. ಒಂದು ಚಿಕ್ಕ ಸ್ಕೇಲನ್ನು ಗೋಡೆಗೆ ನಿಲ್ಲಿಸಿ ಕೆಳಗೆ ಜಾರಿಸುತ್ತಾ ಬನ್ನಿ. ಸ್ಕೇಲ್ ಅಲುಗಾಡತೊಡಗಿದ ಜಾಗದಲ್ಲಿ ಬಾಗು ಶುರುವಾಗಿದೆ. ಅಲ್ಲಿ ಗೆರೆ ಎಳೆಯಿರಿ. ವಾಷರಿನ ಅರ್ಧ ವ್ಯಾಸಕ್ಕೆ ಮೂರು ನಾಲ್ಕು ಮಿ.ಮೀ. ಸೇರಿಸಿ ಗೆರೆಯಿಂದ ಮೇಲಕ್ಕೆ ಅಳೆದರೆ ತೂತಿನ ನಡು ಸಿಗುತ್ತದೆ. ಹೊರಗಿನ ವಾಷರ್, ಒಳಗಿನ ನಟ್ ಎರಡರಲ್ಲಿ ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ನನ್ನ ಎರಡನೆಯ ಪಾತ್ರೆ ಕೆಟ್ಟದ್ದು ಹೀಗೆಯೇ: ಹೊರಗೆ ಎಲ್ಲ ಸರಿಯಿತ್ತು, ಒಳಗಿನ ನಟ್ಟಿನ ಒಂದು ಮೂಲೆ ಬಾಗಿನ ಮೇಲೆ ಹತ್ತಿ ಕುಳಿತಿತ್ತು. ತಳದಲ್ಲಿ ಉಳಿಯುವ ರಸಕ್ಕೆ ಬೇರೆ ಉಪಾಯವಿದೆ, ಮುಂದೆ ಹೇಳುತ್ತೇನೆ.

ಹುದುಗುವ ಬಕೆಟ್ಟಿನಲ್ಲಿ ಲೆಕ್ಕ ತಿರುವುಮುರುವು. ತಳದಲ್ಲಿ ಯೀಸ್ಟಿನ ಗಸಿ ಕೂರುತ್ತದೆ, ಅದು ನಲ್ಲಿಗೆ ಬರಬಾರದು. ತಳದಿಂದ 4ರಿಂದ 5 ಸೆಂ.ಮೀ. ಮೇಲೆ ತೂತಿನ ನಡು ಬರಲಿ.

ತಳದ ನಡುವೆಯೇ ತೂತು ಮಾಡಿ ಪೂರ್ತಿ ಬಸಿಯಬಾರದೇಕೆ ಎಂದು ಕೇಳುವವರಿದ್ದಾರೆ. ಪಾತ್ರೆ ಉರಿಯ ಮೇಲೆ ಕೂರುವುದಾದರೆ ಅಲ್ಲಿಗೆ ಮಾತು ಮುಗಿಯಿತು. ಲಾಳಿಕೆಯ ಆಕಾರದ ಹುದುಗು ಪಾತ್ರೆಗೆ ಮಾತ್ರ ತಳದ ನಲ್ಲಿ ಬೇಕೇ ಬೇಕು, ಗಸಿ ಗಟ್ಟಿಯಾಗಿರುವುದರಿಂದ ಅದು ಅಗಲವಾಗಿಯೂ ಇರಬೇಕು.

ಕೊರೆಯುವುದು

ಸ್ಟೇನ್‌ಲೆಸ್ ಸ್ಟೀಲಿಗೆ ಒಂದು ಕೆಟ್ಟ ಗುಣವಿದೆ. ಬಿಟ್ ಕತ್ತರಿಸದೆ ಸುಮ್ಮನೆ ಉಜ್ಜಿದರೆ ಆ ಜಾಗ ಗಟ್ಟಿಯಾಗುತ್ತದೆ, ಮತ್ತೆ ಉಜ್ಜಿದರೆ ಇನ್ನೂ ಗಟ್ಟಿ. ವೇಗ ಹೆಚ್ಚಿಸಿ ಮೆಲ್ಲಗೆ ಒತ್ತುವವರು ಅರ್ಧ ಗಂಟೆ ಕಳೆದು, ನೀಲಿಗಟ್ಟಿದ ಬಿಟ್ ಹಿಡಿದು ಕೂರುತ್ತಾರೆ. ಇಲ್ಲಿ ವೇಗ ಕಡಿಮೆ, ಒತ್ತಡ ಹೆಚ್ಚು, ಎಣ್ಣೆ ಧಾರಾಳ.

ತೂತಿನ ಜಾಗಕ್ಕೆ ಹೊರಗಿನಿಂದ ಕಾಗದದ ಟೇಪ್ ಅಂಟಿಸಿ ಗುರುತು ಹಾಕಿ. ಪಾತ್ರೆಯನ್ನು ಮಡಚಿದ ಕಂಬಳಿಯ ಮೇಲೆ ಮಲಗಿಸಿ, ಉರುಳದಂತೆ ಎರಡೂ ಕಡೆ ಒತ್ತು ಕೊಡಿ. ಒಳಗಿನಿಂದ ಮರದ ತುಂಡು ಒತ್ತಿ ಹಿಡಿದು, ಸೆಂಟರ್ ಪಂಚಿನಿಂದ ಗುರುತಿನ ಮೇಲೆ ಒಂದು ಪೆಟ್ಟು ಹಾಕಿ. ಮರವಿಲ್ಲದಿದ್ದರೆ ತೆಳು ತಗಡು ಕುಳಿ ಬೀಳುತ್ತದೆ, ಬಿಟ್ ಜಾರುತ್ತದೆ. ಮೊದಲು 3 ಮಿ.ಮೀ. ಕೋಬಾಲ್ಟ್ ಬಿಟ್‌ನಲ್ಲಿ ಚಿಕ್ಕ ತೂತು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಸ್ಟೆಪ್ ಬಿಟ್. ಡ್ರಿಲ್ಲಿನ ವೇಗ ನಿಮಿಷಕ್ಕೆ 300 ಸುತ್ತಿಗಿಂತ ಕೆಳಗಿರಲಿ. ಪ್ರತಿ ಮೆಟ್ಟಿಲಿಗೂ ಎರಡು ಹನಿ ಎಣ್ಣೆ. ಸುರುಳಿ ಸುರುಳಿಯಾಗಿ ಹೊಳೆಯುವ ಚೂರು ಬರುತ್ತಿದ್ದರೆ ಸರಿಯಾಗಿ ಕತ್ತರಿಸುತ್ತಿದೆ. ಪುಡಿ ಬಂದರೆ, ಹೊಗೆ ಎದ್ದರೆ, ನಿಲ್ಲಿಸಿ, ಬಿಟ್ ಆರಲಿ. ಅರ್ಧ ಇಂಚಿನ ಬಿಎಸ್‌ಪಿ ನಿಪ್ಪಲಿಗೆ 21 ಮಿ.ಮೀ. ತೂತು ಬೇಕು. ಕೊನೆಯ ಮೆಟ್ಟಿಲಿಗೆ ಮುಂಚೆಯೇ ನಿಪ್ಪಲ್ ಇಟ್ಟು ನೋಡಿ, ಚಿಕ್ಕದಾದ ತೂತನ್ನು ದೊಡ್ಡದು ಮಾಡಬಹುದು. ಅಂಚು ದಾಟುವ ಕ್ಷಣದಲ್ಲಿ ಬಿಟ್ ತಗಡನ್ನು ಕಚ್ಚಿ ಡ್ರಿಲ್ಲನ್ನೇ ತಿರುಗಿಸುತ್ತದೆ, ಮಣಿಕಟ್ಟು ಉಳುಕುತ್ತದೆ. ಎರಡೂ ಕೈಯಲ್ಲಿ ಹಿಡಿಯಿರಿ. ಕನ್ನಡಕ ಹಾಕಿಕೊಳ್ಳಿ. ಸಡಿಲ ತೋಳಿನ ಅಂಗಿ, ಬಟ್ಟೆಯ ಕೈಗವಸು ಬೇಡ. ಹಳೆಯ ಬಿಯರ್ ಕೆಗ್ಗನ್ನು, ಅಂದರೆ ಒತ್ತಡದಲ್ಲಿ ಬಿಯರ್ ತುಂಬಿಡುವ ಲೋಹದ ಪೀಪಾಯಿಯನ್ನು, ಪಾತ್ರೆ ಮಾಡುವವರು ಒಳಗಿನ ಒತ್ತಡ ಪೂರ್ತಿ ಬಿಟ್ಟ ಮೇಲೆಯೇ ಡ್ರಿಲ್ ಮುಟ್ಟಬೇಕು.

ಕೊರೆದ ಅಂಚು ಬ್ಲೇಡಿನಂತೆ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟು ರಬ್ಬರ್ ಉಂಗುರ ಕೂರಿಸಿದರೆ ಮೊದಲ ಬಿಗಿತಕ್ಕೇ ಉಂಗುರ ಸೀಳುತ್ತದೆ. ಅರ್ಧವೃತ್ತದ ಅರದಿಂದ ಎರಡೂ ಕಡೆ ಸವೆಸಿ, ಉಪ್ಪುಕಾಗದದಿಂದ ನುಣುಪು ಮಾಡಿ, ಬೆರಳಾಡಿಸುವ ಮೊದಲು ಹತ್ತಿಯ ಉಂಡೆ ಆಡಿಸಿ. ಎಳೆ ಸಿಕ್ಕಿಕೊಂಡರೆ ಕೆಲಸ ಇನ್ನೂ ಮುಗಿದಿಲ್ಲ. ಸಾಮಾನ್ಯ ಕಬ್ಬಿಣ ಉಜ್ಜಿದ ಅರವನ್ನು ಇಲ್ಲಿ ಬಳಸಬೇಡಿ. ಅದರ ಹಲ್ಲಿನಲ್ಲಿರುವ ಕಬ್ಬಿಣದ ಪುಡಿ ಸ್ಟೀಲಿಗೆ ಹತ್ತಿ, ಒಂದು ವಾರದಲ್ಲಿ ತೂತಿನ ಸುತ್ತ ತುಕ್ಕು ಕಾಣುತ್ತದೆ. ಆಮೇಲೆ ಎಣ್ಣೆ ಹೋಗುವಂತೆ ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಿರಿ.

ಅಲ್ಯೂಮಿನಿಯಂ ಪಾತ್ರೆ ಕೊರೆಯಲು ಸುಲಭ, ತೊಳೆಯಲು ಮಾತ್ರ ಸೋಡಾದಂತಹ ಕ್ಷಾರ ಬಳಸಬೇಡಿ, ಕಪ್ಪಾಗಿ ಸವೆಯುತ್ತದೆ.

ನೀರಿಗೆ ಮೂರು ದಾರಿ

ಈಗ ಜೋಡಣೆ. ವೆಲ್ಡಿಂಗ್ ಇಲ್ಲದೆ ಕೂರಿಸುವಾಗ ರಸ ಹೊರಬರಲು ಮೂರು ದಾರಿಗಳಿವೆ. ಒಂದು, ಪಾತ್ರೆಯ ಗೋಡೆಗೂ ವಾಷರಿಗೂ ನಡುವಿನ ಸಂದು. ಎರಡು, ನಟ್ಟಿನ ಥ್ರೆಡ್ಡಿನೊಳಗೆ ಸುರುಳಿ ಸುತ್ತಿಕೊಂಡು ಬರುವ ದಾರಿ. ಇದನ್ನೇ ಎಲ್ಲರೂ ಮರೆಯುವುದು. ಮೂರು, ಹೊರಗೆ ನಿಪ್ಪಲಿಗೂ ವಾಲ್ವಿಗೂ ಸೇರುವ ಜಾಗ. ಚಪ್ಪಟೆ ರಬ್ಬರ್ ವಾಷರ್ ಮೊದಲ ದಾರಿಯನ್ನಷ್ಟೇ ಮುಚ್ಚುತ್ತದೆ. ನಿಪ್ಪಲಿನ ಥ್ರೆಡ್ಡಿಗೆ ಬಿಗಿಯಾಗಿ ಅಪ್ಪಿ ಕೂರುವ ದುಂಡನೆಯ ಓ ರಿಂಗ್ ಒತ್ತಿಕೊಂಡಾಗ ಒಂದು ಕಡೆ ಗೋಡೆಗೂ ಇನ್ನೊಂದು ಕಡೆ ಥ್ರೆಡ್ಡಿನ ಸಂದಿಗೂ ತುಂಬಿಕೊಂಡು, ಎರಡು ದಾರಿಯನ್ನು ಒಟ್ಟಿಗೆ ಮುಚ್ಚುತ್ತದೆ. ಹಾಗಾಗಿ ಒಳ ವ್ಯಾಸ ನಿಪ್ಪಲಿಗಿಂತ ಕೂದಲೆಳೆಯಷ್ಟು ಚಿಕ್ಕದಿರುವ, ಮೂರು ಮಿ.ಮೀ. ದಪ್ಪದ ಸಿಲಿಕೋನ್ ಓ ರಿಂಗ್ ಹುಡುಕಿ. ಸಿಲಿಕೋನ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಕಪ್ಪು ಸಾಮಾನ್ಯ ರಬ್ಬರ್ ಕುದಿಯಲ್ಲಿ ವಾಸನೆ ಬಿಡುತ್ತದೆ, ಆ ವಾಸನೆ ಬಿಯರಿನಲ್ಲಿ ಉಳಿಯುತ್ತದೆ.

ರಿಂಗ್ ಗೋಡೆಯ ಯಾವ ಕಡೆ ಎಂಬ ವಾದ ಬಹಳ ಹಳೆಯದು. ನನ್ನ ಮತ ಒಳಗೆ. ಪಾತ್ರೆಯೊಳಗೆ ಬಿಸಿ ಕುದಿಯ ಮಟ್ಟವನ್ನು ಹೆಚ್ಚು ಮೀರುವುದಿಲ್ಲ, ಹೊರಗೆ ಉರಿ ಗೋಡೆಯ ಮೇಲೆ ನೆಕ್ಕಿಕೊಂಡು ಬಂದರೆ ಯಾವ ರಬ್ಬರೂ ಉಳಿಯದು. ಓ ರಿಂಗ್ ಕೂರಲು ತೋಡು ಇರುವ ನಟ್ ಅಥವಾ ವಾಷರ್ ಸಿಕ್ಕರೆ ಅದನ್ನೇ ಕೊಳ್ಳಿ. ಬಿಗಿ ಮಾಡಿದಾಗ ರಿಂಗ್ ಪಕ್ಕಕ್ಕೆ ಹಿಂಡಿಕೊಂಡು ಹೊರಬರದಂತೆ ಅದು ತಡೆಯುತ್ತದೆ. ನನ್ನ ಮೊದಲ ನಲ್ಲಿ ನಾಲಗೆ ಚಾಚಿದ್ದು ಅದಿಲ್ಲದ್ದಕ್ಕೆ.

ಮೊದಲು ವಾಲ್ವನ್ನು ನಿಪ್ಪಲಿಗೆ ಜೋಡಿಸಿ. ಥ್ರೆಡ್ಡಿನ ತುದಿಯನ್ನು ನಿಮ್ಮ ಮುಖಕ್ಕೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೆಫ್ಲಾನ್ ಟೇಪನ್ನು ಎಳೆದು ಸುತ್ತಿ. ತದ್ವಿರುದ್ಧ ಸುತ್ತಿದರೆ ವಾಲ್ವ್ ತಿರುಗಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಸ್ಟೀಲಿಗೆ ಮೂರು ನಾಲ್ಕು ಸುತ್ತು. ಮೊದಲ ಒಂದು ಥ್ರೆಡ್ ಬರಿದಾಗಿರಲಿ, ಇಲ್ಲದಿದ್ದರೆ ಟೇಪಿನ ಎಳೆ ಪೈಪಿನೊಳಗೆ ಜೋತುಬೀಳುತ್ತದೆ. ಸ್ಟೀಲ್ ಸ್ಟೀಲಿಗೆ ಉಜ್ಜಿದಾಗ ಥ್ರೆಡ್ಡುಗಳು ಬೆಸೆದುಕೊಂಡಂತೆ ಕಚ್ಚಿ ನಿಂತುಬಿಡುವುದುಂಟು, ಟೇಪ್ ಅದನ್ನೂ ತಪ್ಪಿಸುತ್ತದೆ. ಆದರೂ ನಿಧಾನ ತಿರುಗಿಸಿ. ಬಿಗಿಯಾದಾಗ ನಲ್ಲಿಯ ಮೂತಿ ಪಕ್ಕಕ್ಕೆ ನೋಡುತ್ತಿದ್ದರೆ ಹಿಂದಕ್ಕೆ ತಿರುಗಿಸಿ ಸರಿಮಾಡಬೇಡಿ, ಟೇಪಿನ ಬಿಗಿತ ಹೋಗುತ್ತದೆ. ಬಿಚ್ಚಿ, ಇನ್ನೊಂದು ಸುತ್ತು ಟೇಪ್ ಹಾಕಿ ಮತ್ತೆ ಕೂರಿಸಿ.

ಆಮೇಲೆ ನಿಪ್ಪಲಿಗೆ ಹೊರಗಿನ ನಟ್ ಹಾಗೂ ಲೋಹದ ವಾಷರ್ ಹಾಕಿ ಗೋಡೆಯೊಳಗೆ ತೂರಿಸಿ. ಒಳಗಿನಿಂದ ಓ ರಿಂಗ್, ಅದರ ಮೇಲೆ ತೋಡಿರುವ ನಟ್. ಬೆರಳಲ್ಲಿ ಎಷ್ಟು ಆಗುತ್ತದೋ ಅಷ್ಟು ಬಿಗಿ ಮಾಡಿ. ಮುಂದೆ ಒಳಗಿನ ನಟ್ಟನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ಹೊರಗಿನ ನಟ್ಟನ್ನು ಮಾತ್ರ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ತಿರುಗಿಸಿ. ಒಳಗಿನದನ್ನು ತಿರುಗಿಸಿದರೆ ರಿಂಗ್ ಅದರ ಜೊತೆ ತಿರುಚಿಕೊಂಡು ಕೂರುತ್ತದೆ. ಅಷ್ಟೇ. ಇನ್ನೂ ಬಿಗಿ ಬೇಕು ಅನ್ನಿಸುತ್ತದೆ, ಕೈ ತಡೆಯಿರಿ.

ಒಳಗಿನ ಪೈಪು

ತಳದಲ್ಲಿ ಉಳಿಯುವ ರಸದ ಉಪಾಯ ಹೇಳುತ್ತೇನೆಂದಿದ್ದೆ. ನಿಪ್ಪಲಿನ ಒಳತುದಿಗೆ ತಾಮ್ರದ ಅಥವಾ ಸ್ಟೀಲಿನ ಬಾಗಿದ ಪೈಪೊಂದನ್ನು ಜೋಡಿಸಿ, ಅದರ ಬಾಯಿ ತಳದಿಂದ ಸ್ವಲ್ಪ ಮೇಲಿರಲಿ. ನಲ್ಲಿಗೆ ಕೊಳವೆ ಹಾಕಿ ಅದರ ತುದಿಯನ್ನು ಪಾತ್ರೆಯ ತಳಕ್ಕಿಂತ ಕೆಳಗಿಟ್ಟರೆ ರಸ ನಲ್ಲಿಯ ಮಟ್ಟಕ್ಕಿಂತ ಕೆಳಗಿಳಿದ ಮೇಲೂ ಸೈಫನ್ ಎಳೆಯುತ್ತಲೇ ಇರುತ್ತದೆ. ಷರತ್ತು ಒಂದೇ: ಪೈಪಿನ ಜೋಡಣೆಯಲ್ಲಿ ಗಾಳಿ ಸೇರಬಾರದು. ಗುಳಗುಳ ಎಂದು ಸದ್ದು ಬಂದು ಹರಿವು ನಿಂತರೆ ಅಲ್ಲಿಯೇ ಸಂದಿದೆ. ಕುದಿ ಆರಿಸಿದ ಮೇಲೆ ಉದ್ದ ಸೌಟಿನಿಂದ ರಸವನ್ನು ಒಂದೇ ದಿಕ್ಕಿಗೆ ತಿರುಗಿಸಿ ಇಪ್ಪತ್ತು ನಿಮಿಷ ಬಿಟ್ಟರೆ ಹಾಪ್ಸ್ ಮತ್ತು ಗಸಿ ನಡುವೆ ಗುಡ್ಡೆಯಾಗುತ್ತದೆ. ಹಾಗಾಗಿ ಪೈಪಿನ ಬಾಯಿ ನಡುವಿಗೆ ಬರದೆ ಗೋಡೆಯ ಪಕ್ಕದಲ್ಲಿ ಇರಲಿ.

ಮ್ಯಾಶ್ ಪಾತ್ರೆಗೆ ಪೈಪು ಸಾಲದು, ಸೋಸುವ ವ್ಯವಸ್ಥೆ ಬೇಕು. ತಾಮ್ರದ ಪೈಪಿಗೆ ಹ್ಯಾಕ್ಸಾದಿಂದ ಅರ್ಧ ಆಳದವರೆಗೆ ಸಾಲು ಸಾಲು ಸೀಳು ಹಾಕಿ, ಸೀಳು ಕೆಳಮುಖವಾಗಿರುವಂತೆ ತಳದಲ್ಲಿ ಹಾಸುವುದು ಒಂದು ದಾರಿ. ನೀರಿನ ನಲ್ಲಿಗೆ ಹಾಕುವ ಸ್ಟೀಲ್ ಹೆಣಿಗೆಯ ಕೊಳವೆಯ ಎರಡು ತುದಿ ಕತ್ತರಿಸಿ, ಒಳಗಿನ ರಬ್ಬರ್ ಎಳೆದು ತೆಗೆದು ಹೆಣಿಗೆಯನ್ನಷ್ಟೇ ಬಳಸುವುದು ಇನ್ನೊಂದು. ನನಗೆ ಇದೇ ಇಷ್ಟ. ಹೆಣಿಗೆ ನಿಜವಾದ ಸ್ಟೇನ್‌ಲೆಸ್ ಸ್ಟೀಲ್ ಎಂದು ಖಚಿತ ಮಾಡಿಕೊಳ್ಳಿ, ಸ್ಟೀಲಿನಂತೆ ಹೊಳೆಯುವ ಪ್ಲಾಸ್ಟಿಕ್ ಎಳೆಗಳೂ ಇರುತ್ತವೆ. ಮಾಲ್ಟಿನ ಭಾರಕ್ಕೆ ಅದು ಚಪ್ಪಟೆಯಾಗದಂತೆ ಒಳಗೆ ತಾಮ್ರದ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ತೂರಿಸಿ, ತುದಿಯನ್ನು ಮಡಚಿ ಒತ್ತಿ. ನಲ್ಲಿಯನ್ನು ಮೊದಲು ಕೂದಲೆಳೆಯಷ್ಟು ಮಾತ್ರ ತೆರೆಯಿರಿ. ಒಮ್ಮೆಗೇ ತೆರೆದರೆ ಮಾಲ್ಟ್ ಒತ್ತಿಕೊಂಡು ಗಾರೆಯಂತೆ ಕೂರುತ್ತದೆ, ಮುಂದೆ ಹನಿಯೂ ಬರುವುದಿಲ್ಲ.

ಐಸ್ ಪೆಟ್ಟಿಗೆಯನ್ನು ಮ್ಯಾಶ್ ಪಾತ್ರೆ ಮಾಡುವವರಿಗೆ ಹಳೆಯ ನಲ್ಲಿ ತೆಗೆದರೆ ತೂತು ಸಿದ್ಧವಾಗಿಯೇ ಸಿಗುತ್ತದೆ. ಗೋಡೆ ದಪ್ಪ, ನಿಪ್ಪಲ್ ಉದ್ದ ಬೇಕು. ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಇರುವುದು ಫೋಮ್, ಬಿಗಿ ಮಾಡಿದಷ್ಟೂ ಕುಗ್ಗುತ್ತದೆ. ಗೋಡೆಯ ದಪ್ಪದಷ್ಟೇ ಉದ್ದದ ಗಟ್ಟಿ ಪೈಪಿನ ತುಂಡನ್ನು ನಿಪ್ಪಲಿನ ಸುತ್ತ ತೂರಿಸಿದರೆ ಬಿಗಿತ ಅದರ ಮೇಲೆ ಬೀಳುತ್ತದೆ.

ಬಕೆಟ್ಟಿಗೆ

ಪ್ಲಾಸ್ಟಿಕ್ ಬಕೆಟ್ ಆಹಾರ ದರ್ಜೆಯದಾಗಿರಲಿ, ಪ್ಲಾಸ್ಟಿಕ್ಕಿನ ಬಗೆ ತಿಳಿಸುವ ತಳದ ತ್ರಿಕೋನದೊಳಗೆ 2 ಅಥವಾ 5 ಎಂದಿರಲಿ, ಮುಂಚೆ ರಾಸಾಯನಿಕ ತುಂಬಿದ್ದಾಗಿರಬಾರದು. ನಲ್ಲಿಯ ಥ್ರೆಡ್ಡಿನ ವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆದು ಅದೇ ಅಳತೆಯ ಹೋಲ್ ಸಾ, ಅಂದರೆ ಡ್ರಿಲ್ಲಿಗೆ ಹಾಕುವ ಬಳೆಯಾಕಾರದ ಗರಗಸ, ಬಳಸಿ, ನಿಧಾನ ವೇಗದಲ್ಲಿ. ಕಾಯಿಸಿದ ಕಬ್ಬಿಣದಿಂದ ತೂತು ಮಾಡಿದರೆ ಅಂಚು ಉಬ್ಬಿ ಏರುಪೇರಾಗುತ್ತದೆ. ಉಳಿದ ಎಳೆಗಳನ್ನು ಚಾಕುವಿನಿಂದ ಸವರಿ. ಗೋಡೆಯ ಎರಡೂ ಕಡೆ ರಬ್ಬರ್ ವಾಷರ್, ಕೈಯಲ್ಲಷ್ಟೇ ಬಿಗಿ; ಸ್ಪ್ಯಾನರ್ ತಾಗಿದರೆ ಪ್ಲಾಸ್ಟಿಕ್ ನಟ್ ಸೀಳುತ್ತದೆ.

ನೀರು ತುಂಬಿ ನೋಡುವುದು

ಮೊದಲು ತಣ್ಣೀರು, ಕೆಳಗೆ ಒಣ ಕಾಗದ. ಒಂದು ಗಂಟೆ ಬಿಟ್ಟು ಟಿಶ್ಯೂ ಕಾಗದವನ್ನು ಮೊದಲು ವಾಲ್ವಿನ ಜೋಡಣೆಗೆ, ಆಮೇಲೆ ಹೊರ ವಾಷರಿನ ಅಂಚಿಗೆ, ಕೊನೆಗೆ ಹೊರ ನಟ್ಟಿನ ಥ್ರೆಡ್ಡಿಗೆ ಒತ್ತಿ. ಎಲ್ಲಿ ಒದ್ದೆಯಾಯಿತೋ ಅದಕ್ಕೆ ತಕ್ಕ ಮದ್ದು: ವಾಲ್ವಿನಲ್ಲಿ ಟೇಪ್, ಮಿಕ್ಕ ಎರಡರಲ್ಲಿ ಓ ರಿಂಗ್. ಆಮೇಲೆ ನೀರು ಕುದಿಸಿ, ಪೂರ್ತಿ ಆರಲು ಬಿಡಿ. ಬಿಸಿಗೆ ರಬ್ಬರ್ ಒಗ್ಗಿ ಕೂರುತ್ತದೆ, ಆರಿದಾಗ ಸ್ವಲ್ಪ ಸಡಿಲವಾಗಬಹುದು. ಆಗ ಹೊರಗಿನ ನಟ್ ಎಂಟನೇ ಒಂದು ಸುತ್ತು. ಹುದುಗುವ ಬಕೆಟ್ಟನ್ನು ಒಂದಿಡೀ ದಿನ ತುಂಬಿಡಿ. ವಾರಗಟ್ಟಲೆ ನಿಲ್ಲುವ ಪಾತ್ರೆಯಲ್ಲಿ ಗಂಟೆಗೊಂದು ಹನಿಯೂ ಲೆಕ್ಕಕ್ಕೆ ಬರುತ್ತದೆ.

ಬಾಲ್ ವಾಲ್ವಿನೊಳಗಿನ ಟೆಫ್ಲಾನ್ ಪೀಠಕ್ಕೆ ನೇರ ಉರಿ ತಾಗದಂತೆ ನಲ್ಲಿಯ ಕೆಳಗೆ ಒಂದು ತಗಡು ಅಡ್ಡ ಇಡಿ. ಹಿಡಿಗೆ ಅಂಗಿಯ ತೋಳು ಸಿಕ್ಕಿ ಅದು ತೆರೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಬೀಗವಿರುವ ಹಿಡಿ ಸಿಕ್ಕರೆ ಉತ್ತಮ, ಇಲ್ಲವಾದರೆ ಕುದಿಯುವಾಗ ಹಿಡಿಯನ್ನು ತೆಗೆದಿಡಿ.

ಬಿಡಿಸಿ ತೊಳೆಯದ ನಲ್ಲಿ ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ. ಆರು ತಿಂಗಳು ಬಿಸಿನೀರು ಹರಿಸುವುದನ್ನೇ ತೊಳೆಯುವುದೆಂದುಕೊಂಡಿದ್ದ ನನ್ನ ವಾಲ್ವನ್ನು ಒಮ್ಮೆ ಬಿಚ್ಚಿದೆ. ಗುಂಡಿನ ಹಿಂದೆ ಕಂದು ಬಣ್ಣದ ಅಂಟು, ಮೂಗಿಗೆ ಹಿಡಿದರೆ ಹಳೆಯ ಹುಳಿ. ಈಗ ಪ್ರತಿ ಸಲವೂ ಬಿಚ್ಚಿ, ಸೋಡಿಯಂ ಪರ್ಕಾರ್ಬೊನೇಟ್ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಾಟಲಿ ಬ್ರಷ್ಷಿನಿಂದ ಉಜ್ಜುತ್ತೇನೆ. ಕ್ಲೋರಿನ್ ಬ್ಲೀಚಿನಲ್ಲಿ ಸ್ಟೀಲನ್ನು ನೆನೆಹಾಕುವುದಿಲ್ಲ, ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಬಕೆಟ್ಟಿನ ನಲ್ಲಿಯ ಮೂತಿಗೆ ಬಾಟಲಿ ತುಂಬುವ ಮೊದಲೂ ಆಮೇಲೂ ಶೇ 70ರ ಆಲ್ಕೋಹಾಲ್ ಚಿಮುಕಿಸುತ್ತೇನೆ, ಹಣ್ಣಿನ ನೊಣಗಳು ಅಲ್ಲಿಗೇ ಮೊದಲು ಬರುವುದು. ಬಿಚ್ಚುವ ಮುಂಚೆ ಸಿಂಕಿನ ತೂತಿಗೆ ಬಟ್ಟೆ ತುರುಕುತ್ತೇನೆ. ಎರಡು ಓ ರಿಂಗ್ ಈಗಾಗಲೇ ಆ ದಾರಿಯಲ್ಲಿ ಹೋಗಿವೆ.